ಶಂಕರಪ್ಪ ಬಾಗಿಲಲ್ಲೇ ನಿಂತ

೮ ಜನವರಿ ೨೦೧೭, ರವಿವಾರ

ತಿಂಗಳಿಗೊಮ್ಮೆಯ ನಮ್ಮ ಕನ್ನಡ ಸಭೆಗೆ ಕುರ್ಚಿ ಹಾಕಿದ್ದಾಯಿತು. ಮೂವತ್ತೆರಡು. ಇಂಗ್ಲಿಷ್ ಸಭೆಯವರು ಹೀಟರ್ ಆರಿಸಿ ಹೋಗಿದ್ದರು, ಎಂದಿನಂತೆ. ಕೆನಡಾದ ಈ ಒಶಾವಾ ಊರಿನ ಚಳಿಗೆ ಹಾರ್ಮೋನಿಯಂ ಕೂಡ ಕೆಮ್ಮುತ್ತದೆ.

ಸೆಕ್ರೆಟರಿ ಆನಂದಕುಮಾರ ಹೊಸ ಕೆಲಸ ಹಚ್ಚಿದ. ಈಸ್ಟರ್‌ತನಕ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಮಾಡಬೇಕಂತೆ — ಮೊದಲ ಕಾಲದ ಕ್ರೈಸ್ತರು, ಹಿಂಸೆಯ ನಡುವೆ ಸುವಾರ್ತೆ ಹೇಗೆ ಹಬ್ಬಿಸಿದರು.

"ನಾ ಐದನೇತ್ತಾ ಬಿಟ್ಟಾಂವ. ಡಿಗ್ರಿ ಇದ್ದವರನ್ನ ಹಿಡಿ."

"ಡಿಗ್ರಿ ಇದ್ದವರು ಪವರ್‌ಪಾಯಿಂಟ್ ಮಾಡ್ತಾರ್ರೀ. ಮಕ್ಕಳು ನಿದ್ದಿ ಹೊಡೀತಾವ."

ಪಾಠದ ಪುಸ್ತಕ ಕೈಗಿಟ್ಟ. ತಗೊಂಡೆ.

೧೨ ಫೆಬ್ರವರಿ

ಮೊದಲ ಪಾಠ. ಸ್ತೆಫನನನ್ನು ಕಲ್ಲು ಹೊಡೆದು ಕೊಂದರು. ಉಳಿದವರು ಯೆರೂಸಲೇಮು ಬಿಟ್ಟು ಓಡಿದರು. ಓಡಿದಲ್ಲೆಲ್ಲ ಮಾತಾಡಿದರು. ಬೆಂಕಿ ಆರಿಸಲು ಒದ್ದರು, ಕಿಡಿ ಊರೆಲ್ಲ ಬಿತ್ತು — ಅಷ್ಟೇ ಅಂದೆ.

ಆಮೇಲೆ ಅಕ್ವಿಲ, ಪ್ರಿಸ್ಕಿಲ್ಲ. ಗಂಡ-ಹೆಂಡತಿ. ರೋಮಿನಿಂದ ಹೊರಗೆ ಹಾಕಿಸಿಕೊಂಡವರು. ಗುಡಾರ ಹೊಲೀತಿದ್ದರು. ಪೌಲನೂ ಅವರ ಜೋಡಿ ಹೊಲಿದ. ಇದು ನನಗೆ ತಿಳಿಯುತ್ತದೆ. ಮೂವತ್ತೊಂದು ವರ್ಷ ಕಾರಿನ ಸೀಟು ಹೊಲಿದವ. ಫ್ಯಾಕ್ಟರಿ ಲೈನಿನಲ್ಲಿ ಕೂತವನ ಕೈ ಕೆಲಸದಲ್ಲಿ, ಕಿವಿ ಪಕ್ಕದವನಲ್ಲಿ. ಸುದ್ದಿ ಹಬ್ಬುವುದು ಹಾಗೆ. ಬೋಧಕರ ಪುಲ್ಪಿಟ್ಟಿನಿಂದ ಅಲ್ಲ.

ನಾನು ಮಾತ್ರ ಮೂವತ್ತೊಂದು ವರ್ಷ ಪಕ್ಕದವನಿಗೆ ಹಾಕಿ ಆಟದ ಸ್ಕೋರು ಬಿಟ್ಟು ಏನೂ ಹೇಳಲಿಲ್ಲ.

ಮುಗಿಸಿ ತಿರುಗಿದೆ. ಬಾಗಿಲಲ್ಲಿ ಶಂಕರಪ್ಪ. ದೊಡ್ಡಪ್ಪನ ಮಗ. ಮುಖ ನೋಡಿ ಐವತ್ತೈದು ವರ್ಷ. ಬರ್ಲಿಂಗ್ಟನ್‌ಗೆ ಮಗನ ಮನೆಗೆ ಬಂದಿದ್ದಾನಂತೆ, ಹೆಂಡತಿ ಚೆನ್ನಮ್ಮನ ಜೊತೆ. 'ಗೋ' ಅನ್ನುವ ಲೋಕಲ್ ರೈಲಿನಲ್ಲಿ ಎರಡು ತಾಸು ಕೂತು ಬಂದವ ಒಳಗೆ ಬರಲಿಲ್ಲ. ಬೂಟು ಬಿಡುವಲ್ಲೇ ನಿಂತ. ನಾನೂ ಮಾತಾಡಿಸಲಿಲ್ಲ.

೧೪ ಫೆಬ್ರವರಿ, ಬೆಳಿಗ್ಗೆ

ಆನಂದಕುಮಾರನ ಫೋನು. "ಯಾರ್ರೀ ಅವರು? ಕರೆದರೂ ಒಳಗ ಬರವಲ್ಲರು."

ಹೇಳಿದೆ. ೧೯೬೨. ನಮ್ಮೂರಲ್ಲಿ ಐದು ಮನೆ ಕ್ರೈಸ್ತರು. ಊರವರು ನಮಗೆ ಬಾವಿ ಬಂದ್ ಮಾಡಿದರು. 'ಆ ಮತ ಬಿಟ್ಟೆವು' ಅಂತ ಕಾಗದಕ್ಕೆ ಸಹಿ ಹಾಕಿದವರಿಗೆ ನೀರು. ಹಾಕಿದವರು ಹಾಕದವರಿಗೆ ಒಂದು ಕೊಡವೂ ಕೊಡಬಾರದು. ಶಂಕರಪ್ಪ ಹಾಕಿದ. ನಮ್ಮ ಮನೆಯಲ್ಲಿ ಹಾಕಲಿಲ್ಲ. ತಂಗಿ ಶಾರದವ್ವ ಹೊಂಡದ ನೀರು ಕುಡಿದಳು. ವಾಂತಿಭೇದಿ. ಮೂರು ದಿನ. ಆರು ವರ್ಷದ ಕೂಸು.

ಮಣ್ಣು ಮಾಡಿ ಊರು ಬಿಟ್ಟೆವು.

"ಅಂವ ಬಾಗಿಲದಾಗ ನಿಲ್ಲಲಿ" ಅಂದೆ. ಫೋನು ಇಟ್ಟೆ.

೧೨ ಮಾರ್ಚ್

ಇವತ್ತು ಚೀಟಿಯ ಪಾಠ. ರೋಮಿನ ಚಕ್ರವರ್ತಿ ಹುಕುಂ ಮಾಡಿದ — ಎಲ್ಲರೂ ದೇವತೆಗಳಿಗೆ ಧೂಪ ಹಾಕಬೇಕು, ಹಾಕಿದ್ದಕ್ಕೆ ಚೀಟಿ ತಗೋಬೇಕು. ಇಲ್ಲದಿದ್ದರೆ ಜೈಲು. ಬಹಳ ಜನ ತಗೊಂಡರು. ಪುಸ್ತಕ ಓದುವತನಕ ನನಗೂ ಗೊತ್ತಿರಲಿಲ್ಲ. ಎಲ್ಲರೂ ಸಿಂಹದ ಬಾಯಿಗೇ ಹೋದರು ಅಂದುಕೊಂಡಿದ್ದೆ.

ಮೊಮ್ಮಗಳು ಅಕ್ಷರಾ ಕೈ ಎತ್ತಿದಳು. "ಸೋ ದ ಸ್ಕೇರ್ಡ್ ಒನ್ಸ್... ಕುಡ್ ದೇ ಕಮ್ ಬ್ಯಾಕ್, ಅಜ್ಜಾ?"

ಪುಟ ತಿರುವಿದೆ. ಹೆದರಿ ಧೂಪ ಹಾಕಿದವರು ತಿರುಗಿ ಬಂದರಂತೆ. ಸಭೆಯಲ್ಲಿ ದೊಡ್ಡ ಜಗಳವಾಯಿತಂತೆ. ಜೈಲಿನಲ್ಲಿ ಪೆಟ್ಟು ತಿಂದವರೇ ಕೆಲವರು ಬರೆದುಕೊಟ್ಟರಂತೆ, ಇವರನ್ನು ಸೇರಿಸಿಕೊಳ್ಳಿ ಅಂತ.

"ದ ಒನ್ಸ್ ಹೂ ಗಾಟ್ ಹರ್ಟ್? ದಟ್ಸ್ ಸೋ ಅನ್‌ಫೇರ್."

ಹೌದವ್ವ, ಅನ್ಯಾಯನ, ಅಂದೆ. ಬಾಗಿಲ ಕಡೆ ನೋಡಲಿಲ್ಲ.

ಚರ್ಚಿನ ಅಡಿಗೆಮನೆಯಲ್ಲಿ ಚೆನ್ನಮ್ಮ ಹಿಡಿದಳು, ಚಹಾದ ಸೋಸಣಿಗೆ ಕೈಯಲ್ಲಿ.

"ಏನ್ ಮೈದ್ನಾ, ಕೆನಡಾದ ಥಂಡಿಗೆ ಗಂಟಲಾ ಕಟ್ಟೇತೇನು?"

"ಸಹಿ ಮಾಡಿದವರ ಜೋಡಿ ಏನು ಮಾತು."

"ನೀವು ಹೋದ್ರಿ. ನಾವು ಉಳದ್ವಿ. ಸಹಿ ಮಾಡಿದ ಕೈಲೇನ ಆರು ತಿಂಗಳಿಗೆ ಹಿತ್ತಲದಾಗ ಪ್ರಾರ್ಥನಾ ಸುರು ಮಾಡಿದ್ರು ಇವರು. ಬೀಸೂಕಲ್ಲಿನ ಧಾಟಿಗೆ ಯೇಸುನ ಪದಾ ಕಟ್ಟಿ ಕಲಿಸಿದಾಕಿ ನಾನು. ಬಾವಿ ಕಾದವರ ಮೊಮ್ಮಕ್ಕಳು ಈಗ ಬಂದು ಹಾಡ್ತಾವ. ಮೂವತ್ತೆಂಟು ಮನಿ! ಆದ್ರ ಸಭಾದಾಗ ಕರ್ತನ ಭೋಜನದ ರೊಟ್ಟಿ ಹಂಚೂದು ಬಂತಂದ್ರ ಇವರು ಹೊರಗ. ಶಾರದವ್ವನ ಮನಿಯವರು ಹೂಂ ಅನ್ನೂತನಕ ರೊಟ್ಟಿ ಮುಟ್ಟಂಗಿಲ್ಲ ಅಂತ. ಐವತ್ತೈದು ವರ್ಷ."

ಚಹಾ ಸೋಸಿದಳು.

"ಬರೂ ತಿಂಗಳ ಇಪ್ಪತ್ತಕ್ಕ ನಮ್ಮ ವಿಮಾನ. ಅಷ್ಟರಾಗ ಸಿಟ್ಟು ಇಳಿದ್ರ ಹೇಳ್ರಿ."

ಸಕ್ಕರೆ ಹಾಕಿದ್ದಳು, ನನಗೆ ಶುಗರ್ ಇದೆ ಅಂತ ಗೊತ್ತಿಲ್ಲ. ಕುಡಿದೆ.

೯ ಏಪ್ರಿಲ್

ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಸುಳ್ಳು.

೧೬ ಏಪ್ರಿಲ್, ಈಸ್ಟರ್, ರಾತ್ರಿ ಊಟಕ್ಕೆ ಮುಂಚೆ

ಸಭಾಹಿರಿಯ ಅಂತ ರೊಟ್ಟಿಯ ತಟ್ಟೆ ನನ್ನ ಕೈಯಲ್ಲಿ. ಸಾಲು ಮುಗಿಯಿತು. ಬಾಗಿಲಿಗೆ ಹೋದೆ.

"ತಗೋ."

"ಕ್ಷಮಿಸಿದಿಯೇನೋ, ತಮ್ಮಾ?"

"ಇಲ್ಲ. ತಗೋ."

ತಗೊಂಡ. ಅಗಿಯಲು ಹಲ್ಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ನಿಂತ. ಮಂದಿ ನೋಡುತ್ತಿದ್ದರು. ನೋಡಲಿ.

ಸ್ಟೇಷನ್ನಿಗೆ ನಾನೇ ಬಿಟ್ಟೆ. ಚೆನ್ನಮ್ಮ ಒಳಗೆ ಬೆಚ್ಚಗೆ ಕೂತಳು. ನಾವಿಬ್ಬರು ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ.

"ಅವತ್ತ ಒಂದು ಕೊಡಾ ನೀರು ಕದ್ದು ಕೊಟ್ಟಿದ್ದರ ಕೂಸು ಉಳೀತಿತ್ತೇನು?"

"ಉಳೀತಿತ್ತು."

ತಲೆ ಆಡಿಸಿದ. ರೈಲು ಬಂತು. ಏಳಲಿಲ್ಲ. ಮುಂದಿನದು ಅರ್ಧ ತಾಸಿಗೆ.

ಆಗ ಹೇಳಿದೆ. ನನ್ನ ಹೆಂಡತಿ ಸಾಯುವತನಕ ಅವಳಿಗೂ ಹೇಳಿರಲಿಲ್ಲ. ಅವತ್ತು ಅಪ್ಪ ಸಹಿ ಮಾಡುವವನೇ ಇದ್ದ. ಪೆನ್ನು ಹಿಡಿದಿದ್ದ. ನನಗೆ ಹದಿನೇಳು. ವಿಶ್ವಾಸ ಅಂದರೆ ಇದೇ ಅಂತ ತಿಳಿದು, ನಮ್ಮ ಮನೆಯವರ ಎದುರಿಗೆ ಅಪ್ಪನ ಕೈಯಿಂದ ಪೆನ್ನು ಕಸಿದೆ. ಶಾರದವ್ವ ಅಪ್ಪನ ತೊಡೆಯ ಮೇಲೇ ಕೂತಿದ್ದಳು. ನನ್ನನ್ನೇ ನೋಡುತ್ತ, ಅಣ್ಣಾ, ನೀರು, ಅಂದಳು.