ರಜೆಯ ದಿನ ಸುಮ್ಮನಿರುವ ಕಾಲುಗಳು

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಕಾಲುಗಳಿಗೆ ಏನೋ ಆಗಿದೆ. ಏನೆಂದು ನಿಮ್ಮ ಆಸ್ಪತ್ರೆಗೆ ತಿಳಿಯುತ್ತಿಲ್ಲ. ತಿಳಿಯದಿರುವುದಕ್ಕೆ ಕಾರಣ ನೀವೇ ರುಜು ಹಾಕಿದ ಒಂದು ನಿಯಮ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಯ ದೂರುಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕಳಿಸಿದಳಲ್ಲ ಎಂದು ದಯವಿಟ್ಟು ಸಿಟ್ಟಾಗಬೇಡಿ. ಪೆಟ್ಟಿಗೆಗೂ ಹಾಕಿದ್ದೆ. ಅದರ ಬೀಗದ ಕೈ ಕಳೆದು ಯಾವ ಕಾಲವಾಯಿತೋ ಎಂದು ನಿಮ್ಮ ಗುಮಾಸ್ತರೇ ಹೇಳಿದರು.

ನಾನು ಯಾರೆಂದು ನಿಮಗೆ ಗೊತ್ತಿರಲಾರದು, ಆದರೆ ನಿಮ್ಮ ಕೋಟು ನನಗೆ ಚೆನ್ನಾಗಿ ಗೊತ್ತು. ನಿಮ್ಮ ನೆಲಮಾಳಿಗೆಯ ಲಾಂಡ್ರಿಯಲ್ಲಿ ವೈದ್ಯರ ಬಿಳಿ ಕೋಟುಗಳಿಗೆ ಇಸ್ತ್ರಿ ಹಾಕುವವಳು ನಾನು. ಮದುವೆಯಾದ ವರ್ಷ ಸೇರಿದೆ, ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಕಿಟಕಿಯಿಲ್ಲ. ಒಗೆದ ಬಟ್ಟೆ ತಳ್ಳುಗಾಡಿಯಲ್ಲಿ ಬರುತ್ತದೆ, ಹಬೆಯ ಇಸ್ತ್ರಿಪೆಟ್ಟಿಗೆ ಬುಸುಗುಡುತ್ತದೆ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಕೆಲಸ. ಇಷ್ಟು ವರ್ಷ ನಿಂತಿದ್ದೇನೆ, ನಿಲ್ಲುವುದಕ್ಕೆ ಯಾವತ್ತೂ ಗೊಣಗಿದವಳಲ್ಲ.

ಶುರುವಾದದ್ದು ಬಲಗಾಲಿನ ಮೀನಖಂಡದಲ್ಲಿ. ಮಧ್ಯಾಹ್ನದ ಊಟವಾಗಿ ಒಂದೆರಡು ಗಾಡಿ ಬಟ್ಟೆ ಮುಗಿಸುವ ಹೊತ್ತಿಗೆ ಚರ್ಮದ ಕೆಳಗೆ ಏನೋ ಮಿಸುಕಾಡಿತು. ನಾನು ಕದಲಿಸದೆ ಮಾಂಸ ತಾನಾಗಿಯೇ ಪಟಪಟ ಮಿಡಿಯುತ್ತಿತ್ತು. ಆಮೇಲೆ ಸೆಳೆತ ಬಂತು. ಈಗ ಎರಡು ಕಾಲಿಗೂ ಹಬ್ಬಿದೆ. ಸಂಜೆಯಾಗುತ್ತ ತೊಡೆಯಲ್ಲಿ ಬಲವೇ ಉಳಿಯುವುದಿಲ್ಲ, ಬಸ್ಸಿನ ಮೆಟ್ಟಿಲಿಗೆ ಕಾಲಿಡಬೇಕಾದರೆ ಎರಡು ಕೈಯಿಂದ ಮೊಣಕಾಲು ಹಿಡಿದೆತ್ತಬೇಕು. ಹಿಂದಿನವರು “ಬೇಗ ಹತ್ತಮ್ಮ” ಎನ್ನುತ್ತಾರೆ. ಬೇಗ ಹತ್ತುವ ಆಸೆ ನನಗೇನು ಇಲ್ಲವೇ? ಕಳೆದ ತಿಂಗಳು ಇಸ್ತ್ರಿಪೆಟ್ಟಿಗೆ ಕೈಯಲ್ಲಿರುವಾಗಲೇ ಮೊಣಕಾಲು ಮಡಚಿಕೊಂಡಿತು. ಒಂದು ಕೋಟು ಸುಟ್ಟಿತು, ನನ್ನ ಮುಂಗೈಯೂ ಸುಟ್ಟಿತು. ಕೋಟಿನ ಬಗ್ಗೆ ವಿವರಣೆ ಕೇಳಿ ಮೆಮೊ ಬಂತು. ಮುಂಗೈ ಬಗ್ಗೆ ಯಾರೂ ವಿವರಣೆ ಕೇಳಲಿಲ್ಲ. ಇಷ್ಟೆಲ್ಲ ಆದರೂ ರಾತ್ರಿ ಕಾಲು ಚಾಚಿ ಮಲಗಿದರೆ ಮುಗಿಯಿತು, ಬೆಳಿಗ್ಗೆ ಎರಡೂ ಏನೂ ಅರಿಯದವರ ಹಾಗೆ ತೆಪ್ಪಗಿರುತ್ತವೆ.

ಈಗ ನಿಮ್ಮ ನಿಯಮಕ್ಕೆ ಬರೋಣ. ಸಿಬ್ಬಂದಿ ಕೆಲಸದ ವೇಳೆಯಲ್ಲಿ, ಕೆಲಸದ ಉಡುಪಿನಲ್ಲಿ ಹೊರರೋಗಿ ವಿಭಾಗಕ್ಕೆ ಕಾಲಿಡುವಂತಿಲ್ಲ. ಇಡೀ ದಿನದ ರಜೆ ಹಾಕಿಯೇ ರೋಗಿಯಾಗಬೇಕು. ನರರೋಗ ವಿಭಾಗ ತೆರೆಯುವುದು ಬೆಳಿಗ್ಗೆ ಮಾತ್ರ. ಆದ್ದರಿಂದ ನಾನು ನಿಯಮಬದ್ಧವಾಗಿ ರಜೆ ಹಾಕುತ್ತೇನೆ, ನಿಯಮಬದ್ಧವಾಗಿ ನಿದ್ದೆ ಮಾಡಿ ಎದ್ದು ಬರುತ್ತೇನೆ, ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರುತ್ತೇನೆ, ದಣಿವೆಲ್ಲ ಆರಿದ ಕಾಲುಗಳನ್ನು ತಂದು ವೈದ್ಯರ ಮುಂದೆ ಚಾಚುತ್ತೇನೆ. ಅವರು ಪುಟ್ಟ ಸುತ್ತಿಗೆಯಿಂದ ಮೊಣಕಾಲು ತಟ್ಟುತ್ತಾರೆ, ಕಾಲು ವಿಧೇಯವಾಗಿ ಎಗರುತ್ತದೆ. ರಕ್ತ ಸರಿಯಿದೆ. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯೂ ಸರಿಯಿದೆ. ಬೆಂಕಿ ಆರಿದ ಮೇಲೆ ಬಂದು ಇಲ್ಲಿ ಹೊಗೆಯೇ ಇಲ್ಲವಲ್ಲ ಎಂದರೆ ಯಾರಿಗೆ ಹೇಳೋಣ?

ವೈದ್ಯರು ಕೆಟ್ಟವರಲ್ಲ. ಚಿಕ್ಕ ವಯಸ್ಸು, ಸಮಾಧಾನದ ಮನುಷ್ಯ. “ನೀವು ಹೇಳೋದು ಸುಳ್ಳು ಅಂತ ನಾನಂತಿಲ್ಲಮ್ಮ. ಆದ್ರೆ ನಾನು ನೋಡಿದ್ದನ್ನ ತಾನೇ ಬರೀಬೇಕು?” ಎಂದರು.

“ಸಾರ್, ಒಂದಿನ ಸಂಜೆ ಕೆಳಗೆ ಬಂದು ನೋಡಿ. ಲಿಫ್ಟ್ ಇದೆಯಲ್ಲ,” ಎಂದೆ.

“ಲಾಂಡ್ರೀಲಿ ಪೇಷೆಂಟ್ ನೋಡೋಕೆ ಪರ್ಮಿಷನ್ ಇಲ್ಲಮ್ಮ. ವಿಡಿಯೊ ಮಾಡ್ಕೊಂಡು ಬನ್ನಿ.”

ಲಾಂಡ್ರಿಯೊಳಗೆ ಮೊಬೈಲ್ ತರುವಂತಿಲ್ಲ. ಅದೂ ನಿಮ್ಮದೇ ನಿಯಮ. ಸರಿ, ಸಂಜೆ ಮನೆಗೆ ಹೋದ ಕೂಡಲೇ ನಮ್ಮತ್ತೆಯ ಕೈಗೆ ಮೊಬೈಲ್ ಕೊಟ್ಟೆ. ಅವರು ಹಿಡಿದ ವಿಡಿಯೊದಲ್ಲಿ ನನ್ನ ಕಾಲಿಗಿಂತ ಅವರ ಹೆಬ್ಬೆರಳೇ ಹೆಚ್ಚು ಕಾಣುತ್ತದೆ. ಆದರೆ ಮೊಬೈಲ್ ಕೆಳಗಿಟ್ಟು ಅವರು ನನ್ನ ಮೀನಖಂಡದ ಮೇಲೆ ಅಂಗೈ ಇಟ್ಟರು. ಇಟ್ಟವರು ಬೆಚ್ಚಿ ಕೈ ತೆಗೆದರು. “ಇದೇನೇ ಇದು, ಒಳಗೆ ಯಾರೋ ಇದ್ದ ಹಾಗೆ ಮಿಡೀತಿದೆ,” ಎಂದರು. ಸ್ವಾಮಿ, ನನ್ನನ್ನು ಪೂರ್ತಿ ನಂಬಿದ ಒಂದೇ ಜೀವ ಅದು. ಸೊಸೆಯ ಮಾತನ್ನು ಅತ್ತೆ ನಂಬಿದ ಮೇಲೂ ಆಸ್ಪತ್ರೆ ನಂಬುವುದಿಲ್ಲ ಎಂದರೆ, ಇನ್ನು ಯಾವ ಸಾಕ್ಷಿ ತರಲಿ?

ಮೂರನೇ ಭೇಟಿಗೆ ನಾನೇ ಒಂದು ಉಪಾಯ ಹೂಡಿದೆ. ಬೆಂಚಿನ ಮೇಲೆ ಕೂರದೆ ಮೆಟ್ಟಿಲು ಹತ್ತಿಳಿಯತೊಡಗಿದೆ. ಕಾಲು ದಣಿಯಲಿ, ಮಿಡಿಯಲಿ, ಆಗಲೇ ಒಳಗೆ ಹೋಗುತ್ತೇನೆ ಎಂದುಕೊಂಡೆ. ಬಾಗಿಲಲ್ಲಿ ಕಾವಲು ನಿಲ್ಲುವ ಸೆಕ್ಯೂರಿಟಿಯವನು ನೋಡಿದ. ಎಷ್ಟೋ ವರ್ಷದ ಪರಿಚಯ, ಬಾಯಿ ತುಂಬ ಅಕ್ಕಾ ಎನ್ನುವವನು.

“ಏನಕ್ಕಾ ಇದು, ಕಾಲು ಹಿಂಗಿಟ್ಕೊಂಡು ಮೆಟ್ಲು ಹತ್ತೋದಾ?”

“ಸುಸ್ತಾಗ್ಬೇಕಪ್ಪ. ಸುಸ್ತಾದ್ರೇನೇ ಡಾಕ್ಟ್ರಿಗೆ ಕಾಣೋದು.”

ಪಾಪ, ನನಗೆ ತಲೆ ತಿರುಗುತ್ತಿದೆ ಎಂದುಕೊಂಡನೋ ಏನೋ. ಎಲ್ಲಿಂದಲೋ ವೀಲ್‌ಚೇರ್ ತಂದ, ತೋಳು ಹಿಡಿದು ಕೂರಿಸಿಯೇ ಬಿಟ್ಟ. ಏಳಲು ಹೋದರೆ “ಸುಮ್ನಿರಿ ಅಕ್ಕಾ, ನಾನಿದೀನಿ” ಎಂದು ಭುಜ ಒತ್ತಿ ಹಿಡಿದ. ಅವನ ಅಕ್ಕರೆಯಲ್ಲಿ ಬಹಳ ಹೊತ್ತು ಕೂತೆ. ನನ್ನ ಹೆಸರು ಕೂಗಿದಾಗ ತಾನೇ ಒಳಗೆ ತಳ್ಳಿಕೊಂಡು ಹೋಗಿ, “ಸಾರ್, ಅಕ್ಕಂಗೆ ನಡೆಯೋಕೇ ಆಗ್ತಿಲ್ಲ,” ಎಂದು ನನ್ನ ಪರವಾಗಿ ವಕಾಲತ್ತು ಬೇರೆ ವಹಿಸಿದ. ವೈದ್ಯರು ಗಾಬರಿಯಿಂದ ಎದ್ದು ಬಂದರು. “ನಿಧಾನ, ಒಂದು ಹೆಜ್ಜೆ ಇಡಿ ನೋಡೋಣ,” ಎಂದರು. ಎದ್ದೆ. ಗೋಡೆಯವರೆಗೆ ಹೋಗಿ ತಿರುಗಿ ಬಂದೆ. ಒಂದು ಕಡೆಯೂ ತಪ್ಪಲಿಲ್ಲ, ನಡುಗಲಿಲ್ಲ. ಸೆಕ್ಯೂರಿಟಿಯವನ ಮುಖ ನೋಡಲಾಗಲಿಲ್ಲ ನನಗೆ. ವೈದ್ಯರು ಕೂತು ಬರೆದರು: ಲಕ್ಷಣಗಳ ಉತ್ಪ್ರೇಕ್ಷೆ, ಆತಂಕ, ಮುಂದಿನ ಭೇಟಿ ಅಗತ್ಯವಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನಗೆ ವರ ಕೊಟ್ಟವನೇ ಕೆಲಸ ಕೆಡಿಸಿದ, ಅದೂ ಪ್ರೀತಿಯಿಂದ.

ಮನೆಯಲ್ಲಿ ನಮ್ಮವರು, “ಏನೂ ಇಲ್ಲ ಅಂದ್ರಲ್ಲ, ಖುಷಿ ಪಡೋದು ಬಿಟ್ಟು ಅಳ್ತೀಯಲ್ಲೇ,” ಎಂದರು. ಏನೂ ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆ ಹಿಡಿದೇ ಕುಸಿದದ್ದು ಯಾಕೆ? ಹರಿದ ಚಾದರ ಹೊಲಿಯುವ ಮೇಜಿಗೆ ನನ್ನನ್ನು ಹಾಕಿ, ಕೂತು ಮಾಡುತ್ತೇನೆ ಎಂದು ಲಾಂಡ್ರಿಯ ಮೇಲ್ವಿಚಾರಕಿಯನ್ನು ಕೇಳಿದೆ. “ಕಾಯಿಲೆ ಇದೆ ಅಂತ ಬರೆಸ್ಕೊಂಡು ಬಾ, ಇವತ್ತೇ ಹಾಕ್ತೀನಿ,” ಎಂದರು. ಬರೆಯಬೇಕಾದವರು ಬರೆಯುವುದಿಲ್ಲ, ಬರೆಯದಿದ್ದರೆ ಇವರು ಹಾಕುವುದಿಲ್ಲ. ಇಂಥ ಕಡೆ ಬೇರೆಯವರಾಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ನನ್ನ ಕಾಲು ಬುದ್ಧಿ ಕೇಳುವ ಸ್ಥಿತಿಯಲ್ಲಿಲ್ಲ. “ಏನೂ ಇಲ್ಲ” ಎಂಬುದನ್ನು ಕೇಳಿ ಕೇಳಿ ನನಗೇ ನನ್ನ ಮೇಲೆ ಅನುಮಾನ ಶುರುವಾಗಿದೆ. ಮಿಡಿಯುತ್ತಿರುವಾಗಲೂ, ಇದನ್ನು ನಾನೇ ಮಾಡಿಕೊಳ್ಳುತ್ತಿದ್ದೇನೋ ಎಂದು ಕಾಲನ್ನು ಬಯ್ಯುತ್ತೇನೆ. ಆಮೇಲೆ ಹೆದರುತ್ತೇನೆ. ತುಂಬಾ ಹೆದರುತ್ತೇನೆ, ಅಧೀಕ್ಷಕರೇ. ಇದು ಸೊಂಟಕ್ಕೆ ಏರುತ್ತದೆಯೇ? ಕೈಗೆ ಬರುತ್ತದೆಯೇ? ವಾಸಿಯಾಗುವಂಥದ್ದೇ, ಅಲ್ಲವೇ? ಹೇಳುವವರು ಯಾರೂ ಇಲ್ಲ.

ಈ ಪತ್ರ ಬರೆಯಲು ಕಾರಣ ಮೊನ್ನೆ ನಡೆದದ್ದು. ಮೊನ್ನೆ ಬೆಳಿಗ್ಗೆ ಎದ್ದಾಗ, ರಾತ್ರಿಯಿಡೀ ಮಲಗಿ ಎದ್ದಾಗ, ಎಡಗಾಲಿನ ಮೀನಖಂಡ ಮಿಡಿಯುತ್ತಿತ್ತು. ಬೆಳಿಗ್ಗೆ ಹೀಗಾದದ್ದು ಇದೇ ಮೊದಲು. ಕಾಯಿಲೆ ಬಲಿಯುತ್ತಿದೆ ಎಂದು ನಾನು ಕುಸಿದು ಕೂರಬೇಕಿತ್ತು. ಆದರೆ ನನಗೆ ಸಂತೋಷವಾಯಿತು. ಅಬ್ಬ, ಬೆಳಿಗ್ಗೆಯೂ ಬಂತು, ಇನ್ನು ವೈದ್ಯರಿಗೆ ಕಾಣುತ್ತದೆ ಎಂದು, ಕೆಲಸದ ಉಡುಪಿನಲ್ಲೇ ಸಿಕ್ಕಿದ ಬಸ್ಸು ಹತ್ತಿ ಓಡಿ ಬಂದೆ. ಚೀಟಿ ಬರೆಯುವ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಡ್ಯೂಟಿ ಡ್ರೆಸ್ಸಲ್ಲಿ ಬರೋ ಹಾಗಿಲ್ಲ. ಮುಂದಿನ ಭೇಟಿ ಬೇಡ ಅಂತ ಬೇರೆ ಬರ್ದಿದಾರೆ, ಹೊಸದಾಗಿ ಬರೆಸಿ. ಸರದಿ ಬರೋಕೆ ಮೂರು ತಿಂಗ್ಳು,” ಎಂದಳು. ಲಾಂಡ್ರಿಗೆ ಇಳಿದು ಬಂದು, ಕೋಟುಗಳ ರಾಶಿಯ ಹಿಂದೆ ನಿಂತು ಅತ್ತೆ. ಮೂರು ತಿಂಗಳು ಕಾಯಬೇಕೆಂದು ಅತ್ತದ್ದಲ್ಲ. ನನ್ನ ಕಾಯಿಲೆ ಹೆಚ್ಚಿತೆಂದು ಸಂಭ್ರಮಪಟ್ಟೆನಲ್ಲ, ಅದಕ್ಕೆ ಅತ್ತೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನನಗೆ ರಜೆ ಬೇಡ, ಪರಿಹಾರ ಬೇಡ, ಕ್ಷಮೆಯೂ ಬೇಡ. ಒಂದು ದಿನ ಕೆಲಸ ಮುಗಿದ ಕೂಡಲೇ, ನಾನು ಕೂರುವ ಮೊದಲು, ಒಬ್ಬ ವೈದ್ಯರು ನನ್ನ ಕಾಲಿನ ಮೇಲೆ ಕೈಯಿಟ್ಟು ನೋಡಲಿ. ಅವರು ಕೆಳಗೆ ಬರಲಿ ಅಥವಾ ನನ್ನನ್ನು ಇದೇ ಉಡುಪಿನಲ್ಲಿ ಮೇಲೆ ಬಿಡಲಿ. ಅದಕ್ಕೆ ನಿಮ್ಮ ಒಂದು ರುಜು ಸಾಕು. ಆಗಲೂ ಏನೂ ಕಾಣದಿದ್ದರೆ, ಏನೂ ಇಲ್ಲ ಎಂದೇ ಬರೆದುಕೊಡಿ, ಒಪ್ಪುತ್ತೇನೆ. ಆದರೆ ಬೇಗ ನೋಡಿ. ನಾಳೆ ಬೆಳಿಗ್ಗೆ ಎದ್ದಾಗ ಕಾಲು ಇನ್ನಷ್ಟು ಕೆಟ್ಟಿರಲಿ ಎಂದು ನಾನು ಬೇಡಿಕೊಳ್ಳುವ ಹಾಗೆ ಮಾಡಬೇಡಿ.

ಇಂತಿ,
ನಿಮ್ಮ ದಾಖಲೆಗಳ ಪ್ರಕಾರ ಸಂಪೂರ್ಣ ಆರೋಗ್ಯವಂತೆಯಾದ,
ನೆಲಮಾಳಿಗೆಯ ಇಸ್ತ್ರಿಯವಳು