ಒಂದೇ ಅಡಿಟಿಪ್ಪಣಿಯಲ್ಲಿ ಇಬ್ಬರು

ಮಂಗಳವಾರ, ಮಾರ್ಚ್ ೧೧
ವಿಭಾಗದ ನನ್ನ ಕೋಣೆಯಿಂದ

ರೀ,

ಪ್ರಿಯ ಎಂದು ಬರೆದರೆ ಸುಳ್ಳಾದೀತು, ಮಾನ್ಯರೇ ಎಂದು ಬರೆದರೆ ನೀವು ನಕ್ಕುಬಿಡುತ್ತೀರಿ. ಅದಕ್ಕೇ ಹಳೆಯ ಅಭ್ಯಾಸದ ಪ್ರಕಾರ ಕೂಗಿದ್ದೇನೆ. ನಾನಾಗಿ ಬರೆದು ಕರೆದರೆ ಮಾತ್ರ ಇಲ್ಲಿಗೆ ಕೆಲಸಕ್ಕೆ ಬರುವುದಾಗಿ ನಮ್ಮ ಡೀನ್‌ಗೆ ಹೇಳಿದಿರಂತೆ. ಅವರು ಹೊತ್ತು ಹೊತ್ತಿಗೆ ಬಾಗಿಲಲ್ಲಿ ತಲೆ ಹಾಕಿ, ಬರೆದಾಯಿತೇ ಮೇಡಂ ಎಂದು ಕೇಳುತ್ತಿದ್ದಾರೆ. ಇಷ್ಟು ವರ್ಷ ಬೇರೆ ಬೇರೆ ಊರಲ್ಲಿದ್ದು, ಈಗ ಇಂಥ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿ ನೀವು ಆರಾಮಾಗಿ ಕೂತಿದ್ದೀರಿ. ನಿಮ್ಮ ಬುದ್ಧಿ ಚೂರೂ ಬದಲಾಗಿಲ್ಲ.

ಡೀನ್ ನಿಮಗೆ ಪೂರ್ತಿ ಕಥೆ ಹೇಳಿರಲಾರರು. ನಾನು ಹೇಳುತ್ತೇನೆ.

ಅರ್ಥಶಾಸ್ತ್ರ ಮತ್ತು ಹಣಕಾಸು ವಿಷಯಗಳಲ್ಲಿ ಯಾವ ವಿಶ್ವವಿದ್ಯಾಲಯದ ಸಂಶೋಧನೆಗೆ ಎಷ್ಟು ಪ್ರಭಾವ ಎಂಬ ಪಟ್ಟಿ ಬಂತಲ್ಲ, ಅದರಲ್ಲಿ ನಾವು ತಳದಿಂದ ಎದ್ದು ಅರವತ್ತನೆಯ ಸ್ಥಾನದ ಆಸುಪಾಸಿನಲ್ಲಿ ಕೂತಿದ್ದೇವೆ. ಗೇಟಿಗೆ ಬ್ಯಾನರ್ ಬಿದ್ದಿದೆ. ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಿದ್ದ ಲೆಕ್ಕಪತ್ರ ವಿಭಾಗದವರೂ ನಿಂತು ಮಾತಾಡಿಸುತ್ತಾರೆ. ಯಾರ ಲೇಖನವನ್ನು ಬೇರೆಯವರು ತಮ್ಮ ಬರವಣಿಗೆಯಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೇ ಆ ಪಟ್ಟಿಯ ಅಳತೆ. ನಮ್ಮ ಏರಿಕೆಯ ಮುಕ್ಕಾಲು ಪಾಲು ಒಂದೇ ಲೇಖನದಿಂದ ಬಂದದ್ದು. ಯಾವುದು ಗೊತ್ತೇ? ಬ್ಯಾಂಕ್ ಶಾಖೆಗಳ ಬಗ್ಗೆ ನಾನು ಬರೆದದ್ದು!

ನೀವು ನಗುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ. ನಾನೂ ನಕ್ಕೆ, ಆಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಶಾಖೆ ಮುಚ್ಚಿದರೂ ಸುತ್ತಲಿನವರ ಉಳಿತಾಯ ಕಮ್ಮಿಯಾಗುವುದಿಲ್ಲ ಎಂದು ನಾನು ಸಾಧಿಸಿದ್ದೆ. ಪಕ್ಕದ ಬೀದಿಗೆ ಸ್ಥಳಾಂತರವಾದ ಶಾಖೆಗೆ ಹೊಸ ಸಂಖ್ಯೆ ಕೊಡುತ್ತಾರೆ, ಅಂಥವನ್ನೆಲ್ಲ ನಾನು ಮುಚ್ಚಿಹೋದವು ಎಂದು ಎಣಿಸಿದ್ದೇನೆ ಎಂದು ನೀವು ನಿಮ್ಮ ಲೇಖನದಲ್ಲಿ ತೋರಿಸಿದಿರಿ. ಅಂದಿನಿಂದ ಮೇಷ್ಟ್ರುಗಳೆಲ್ಲ ಹೀಗೆ ಮಾತ್ರ ಎಣಿಸಬೇಡಿ ಎಂದು ಹೇಳಿ ನನ್ನ ಹೆಸರು ಬರೆಯುತ್ತಾರೆ, ಅದರ ಪಕ್ಕದಲ್ಲೇ ನಿಮ್ಮದನ್ನೂ ಬರೆಯುತ್ತಾರೆ. ಒಂದೇ ಮನೆಯಲ್ಲಿ ಇರಲಾರದ ನಾವು ಅಡಿಟಿಪ್ಪಣಿಗಳಲ್ಲಿ ಸುಖವಾಗಿ ಸಂಸಾರ ಮಾಡುತ್ತಿದ್ದೇವೆ. ಪಟ್ಟಿ ಮಾಡುವವರಿಗೆ ಹೊಗಳಿದ್ದೂ ಒಂದೇ, ಬೈದದ್ದೂ ಒಂದೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ನಿಮ್ಮ ಲೆಕ್ಕ ಸರಿ ಎಂಬುದರಲ್ಲಿ ನನಗೆ ಯಾವತ್ತೂ ತಕರಾರಿರಲಿಲ್ಲ. ಊಟಕ್ಕೆ ಕೂತಾಗ ಹೇಳಬಹುದಾಗಿದ್ದನ್ನು ಅಚ್ಚಾಗಿ ಬಂದ ಮೇಲೆ ನಾನು ಎಲ್ಲರ ಜೊತೆ ಓದಬೇಕಾಯಿತಲ್ಲ, ಆ ಉರಿ ಹೊಟ್ಟೆಯಲ್ಲಿ ಹಾಗೇ ಉಳಿಯಿತು. ಆ ಜಗಳ ಇನ್ನೂ ಬಾಕಿಯಿದೆ, ಇವತ್ತು ಬೇಡ.

ಸಂಶೋಧಕರು ಎಲ್ಲಿಗೆ ಹೋದರೂ ಅವರ ಉಲ್ಲೇಖಗಳೂ ಹೆಗಲ ಚೀಲದ ಹಾಗೆ ಜೊತೆಗೇ ಹೋಗುತ್ತವೆ ಎಂಬುದು ಪಟ್ಟಿಯ ನಿಯಮ. ನೀವು ಇಲ್ಲಿಗೆ ಬಂದರೆ ಬೈದವರೂ ಬೈಸಿಕೊಂಡವರೂ ಒಂದೇ ಕಡೆ, ನಾವು ಮೊದಲ ಐವತ್ತರೊಳಗೆ. ಡೀನ್ ಅವರಿಗೆ ಈಗ ಅದೇ ಜಪ. ಆದರೆ ಹೊಸ ಹುದ್ದೆಗೆ ಮಂಜೂರಾತಿ ಇಲ್ಲ. ಇರುವುದರಲ್ಲಿ ಒಂದನ್ನು ಖಾಲಿ ಮಾಡಿಸಬೇಕು. ಅವರ ಕಣ್ಣು ಬಿದ್ದಿರುವುದು ಮಗ್ಗಿ ಮೇಡಂ ಮೇಲೆ.

ಹೌದು, ಅವರೇ. ಪಾಠ ಶುರು ಮಾಡುವ ಮುಂಚೆ ಬಡ್ಡಿ ಲೆಕ್ಕವನ್ನು ಬಾಯಲ್ಲೇ ಮಾಡಿಸಿ ನಮ್ಮಿಬ್ಬರನ್ನೂ ಪಳಗಿಸಿದವರು. ಇವತ್ತಿಗೂ ಮೊದಲ ವರ್ಷದ ಮಕ್ಕಳು ಅವರದೇ ಪಾಲು. ಅವರು ಸ್ವಂತ ಲೇಖನ ಬರೆದವರಲ್ಲ, ನಮ್ಮೆಲ್ಲರ ಕರಡು ಓದಿ ಅಂಚಿನಲ್ಲಿ ಪೆನ್ಸಿಲಿನಿಂದ ‘ಹೌದಾ?’ ಎಂದು ಬರೆದು ವಾಪಸ್ಸು ಕೊಟ್ಟವರು. ಹಾಗಾಗಿ ಅವರ ಹೆಸರಿನ ಮುಂದೆ ಸೊನ್ನೆ. ವರ್ಷ ವರ್ಷ ಒಪ್ಪಂದ ನವೀಕರಿಸುವ ಕೆಲಸ, ಈ ಸಲ ನವೀಕರಿಸದಿದ್ದರೆ ಮುಗಿಯಿತು. ಅವರ ಯಜಮಾನರಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು, ಅದು ನಡೆಯುತ್ತಿರುವುದು ವಿಶ್ವವಿದ್ಯಾಲಯದ ವಿಮೆಯಿಂದ. ಕೆಲಸ ಹೋದರೆ ವಿಮೆಯೂ ಹೋಗುತ್ತದೆ.

ಡೀನ್ ಹತ್ತಿರ ಜಗಳವಾಡಿಯೂ ನೋಡಿದೆ. ಅವರೇನು ಕೆಟ್ಟವರಲ್ಲ. ನನ್ನ ತಲೆಯ ಮೇಲೂ ಒಬ್ಬರು ಕೂತಿದ್ದಾರೆ ಮೇಡಂ, ಕರುಣೆಗೆಲ್ಲ ಅಂಕ ಕೊಡಲ್ಲ ಎಂದು ಕೈಚೆಲ್ಲಿದರು.

ಈಗ ಇದನ್ನೂ ಹೇಳಿಬಿಡುತ್ತೇನೆ. ನೀವು ಬರಬೇಕೆಂದು ನನಗೆ ಆಸೆಯಿದೆ. ಕಳೆದ ವಾರ ಜ್ವರ ಬಂದು ಮಲಗಿದ್ದಾಗ ಅಡುಗೆಮನೆಯಲ್ಲಿ ನೀವು ಲೋಟ ಬೀಳಿಸಿದಂತೆ ಸದ್ದಾಗಿ, ಎದ್ದು ಹೋಗಿ ನೋಡಿದೆ. ಇಲಿ. ಆ ಇಲಿಯ ಮೇಲೆ ನನಗೆ ಬಂದ ಸಿಟ್ಟು ನಿಮ್ಮ ಮೇಲೆ ಕೂಡ ಬಂದಿರಲಿಲ್ಲ. ಬನ್ನಿ ಎಂದು ಬರೆದು ಹರಿದ ಹಾಳೆಗಳು ಕಸದ ಬುಟ್ಟಿಯಲ್ಲಿವೆ. ಬರೆಯುವಾಗೆಲ್ಲ ಪಕ್ಕದ ತರಗತಿಯಿಂದ ಮೇಡಂ ದನಿ ಗೋಡೆ ದಾಟಿ ಬರುತ್ತಿತ್ತು, ನನ್ನ ಕೈ ಮುಂದೆ ಓಡುತ್ತಿರಲಿಲ್ಲ.

ಬರಬೇಡಿ. ಒಬ್ಬರ ಚಿಕಿತ್ಸೆ ನಿಲ್ಲಿಸಿ ನಮ್ಮ ಸಂಸಾರ ಕೂಡಿಸಿಕೊಂಡರೆ ನನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ನಿಮಗೂ ಇಳಿಯದು, ನಿಮ್ಮನ್ನು ನಾನು ಬಲ್ಲೆ. ನೀವು ಒಲ್ಲೆ ಎಂದರೆ ಅವರ ಹುದ್ದೆ ಯಾರಿಗೂ ಬೇಕಾಗಿಲ್ಲ. ಡೀನ್‌ಗೆ ಏನಾದರೊಂದು ಕಾರಣ ಹೇಳಿ. ಹೆಂಡತಿ ಗಯ್ಯಾಳಿ ಎಂದರೂ ಪರವಾಗಿಲ್ಲ, ನಂಬುತ್ತಾರೆ.

ಇಂತಿ,
ನಿಮ್ಮಿಂದ ತಪ್ಪು ತಿದ್ದಿಸಿಕೊಳ್ಳಲು ಈಗಲೂ ಒಪ್ಪದ
ನಿಮ್ಮವಳು

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಮಗ್ಗಿ ಮೇಡಂ ಬಂದರು. ವಿಷಯ ಹೇಗೋ ಕಿವಿಗೆ ಬಿದ್ದು, ಮುಂದಿನ ವರ್ಷಕ್ಕೆ ತಮ್ಮ ಒಪ್ಪಂದ ಬೇಡ ಎಂದು ಅವರೇ ಬೆಳಿಗ್ಗೆ ಡೀನ್‌ಗೆ ಬರೆದುಕೊಟ್ಟು ಬಂದಿದ್ದಾರೆ! ಯಾಕೆ ಹೀಗೆ ಮಾಡಿದಿರಿ ಎಂದು ಕೂಗಾಡಿದೆ. ನೀವಿಬ್ರೂ ಮತ್ತೆ ಒಂದಾಗ್ತೀರಲ್ಲಮ್ಮ, ನಮ್ಮನೆಯವರಿಗೆ ಏನೋ ಒಂದು ದಾರಿ ಸಿಗತ್ತೆ ಬಿಡು ಅಂತ ನನ್ನ ತಲೆ ನೇವರಿಸಿದರು. ಯಾವ ದಾರಿಯೂ ಇಲ್ಲ. ಓಡಿಹೋಗಿ ಡೀನ್ ಹತ್ತಿರ ಬೇಡಿಕೊಂಡೆ, ಕಾಲು ಕಟ್ಟಿಕೊಳ್ಳುವುದೊಂದು ಬಾಕಿ. ನಾಳೆ ಮಧ್ಯಾಹ್ನದೊಳಗೆ ನೀವು ಒಲ್ಲೆ ಎಂದರೆ ಮೇಡಂ ಕೊಟ್ಟ ಕಾಗದ ಹರಿದುಹಾಕುವುದಾಗಿ, ಇಲ್ಲವಾದರೆ ಅದಕ್ಕೆ ಸಹಿ ಹಾಕುವುದಾಗಿ ಹೇಳಿದ್ದಾರೆ. ಅಂಚೆಯನ್ನು ನಂಬಿ ಕೂರಲಾರೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಬನ್ನಿ ಎಂದುಬಿಡುತ್ತೇನೆ. ಅದಕ್ಕೇ ಇದನ್ನು ನಾನೇ ತರುತ್ತಿದ್ದೇನೆ, ಸಂಜೆಯ ಬಸ್ಸಿಗೆ ಸೀಟು ಸಿಕ್ಕಿದೆ. ಬಾಗಿಲು ತೆರೆದ ಕೂಡಲೇ ಒಳಗೆ ಕರೆಯಬೇಡಿ. ಅಲ್ಲೇ ನಿಂತು ಇದನ್ನು ಓದಿ, ನನ್ನೆದುರಿಗೇ ಡೀನ್‌ಗೆ ಫೋನ್ ಮಾಡಿ, ಬರುವುದಿಲ್ಲ ಎನ್ನಿ. ಆಮೇಲೆ ಕರೆಯಿರಿ.