ಹದ ಸಾಹೇಬರ ಸ್ಟೂಲು

ಕೆಂಗಾಳಿಯ ನಂತರದ ಇನ್ನೂರ ಹತ್ತನೇ ವರ್ಷ, ಕತ್ತಲ ತಿಂಗಳ ನಲವತ್ತನೇ ದಿನ. ಕೋಲಾರದ ಹಳೆಯ ಗಣಿಯೊಳಗಿನ ಕೆಳಗೇರಿಯಿಂದ.

ಕೆಂಗಾಳಿಗೂ ಮೊದಲಿನ ಕಾಲದಲ್ಲಿ, ಮೇಲಿನ ನೆಲದಲ್ಲಿ ಬಿಸಿಲು ಕಾಯಿಸುತ್ತಿರುವ ಹಿರಿಯರಿಗೆ ಮದ್ದುಮನೆಯ ಚೌಡಮ್ಮನ ನಮಸ್ಕಾರಗಳು. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಮನ್ನಿಸಿ. ನಿಮ್ಮ ಕನ್ನಡದ ಒಂದು ಪದ ನಮ್ಮ ಮನೆಯಲ್ಲಿ ಜೀವ ತೆಗೆದಿದೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಕೆಂಗಾಳಿ ಎಂದರೆ ನಮ್ಮನ್ನು ಭೂಮಿಯೊಳಗೆ ಅಟ್ಟಿದ ಗಾಳಿ. ಇಲ್ಲಿ ಹೊಲವಿಲ್ಲ, ಅಡುಗೆಯ ಒಲೆಯಿಲ್ಲ. ಊಟವೆಂದರೆ ಯಂತ್ರದ ಬಾಯಿಂದ ಬೀಳುವ ಹಿಟ್ಟುಬಿಲ್ಲೆ, ಕೆಲಸವೆಂದರೆ ಮದ್ದುಮನೆಯ ಉದ್ದನೆಯ ಮೇಜು. ಗಂಟಲು ಕಟ್ಟಿ ಗುಟುಕು ನೀರೂ ಇಳಿಯದಂತೆ ಮಾಡುವ ಜ್ವರವೊಂದಿದೆ, ಒಣಜ್ವರ ಎನ್ನುತ್ತೇವೆ. ಅದಕ್ಕೆ ಮದ್ದು ಕಾಯಿಸಿ ಬೆರಳುದ್ದದ ಗಾಜಿನ ಶೀಷೆಗಳಿಗೆ ತುಂಬುತ್ತೇವೆ. ಶೀಷೆಯ ಕತ್ತು ಮುಚ್ಚಿ ಕೆಲವು ದಿನ ಮಾಗಿಸಿದರೆ ಅದು ಮದ್ದು, ಗಾಳಿ ತಾಗಿದರೆ ವಿಷ. ಮುಚ್ಚುತ್ತಿದ್ದ ಯಂತ್ರ ಈ ವರ್ಷ ಕೆಟ್ಟು ಕೂತಿತು. ಆಗ ಉಳಿದದ್ದು ನೀವು ಕಲಿಸಿಹೋದ ಪಾಠ ಮಾತ್ರ. ಅದನ್ನು ಮೊದಲಿನಿಂದಲೂ ದಿನಾ ಬೆಳಗ್ಗೆ ಮಗ್ಗಿಯಂತೆ ಒಪ್ಪಿಸುತ್ತಿದ್ದೆವು: "ಕತ್ತನ್ನು ಉರಿಯಲ್ಲಿ ತಿರುಗಿಸು. ಹದ ಬಂದ ಮೇಲೆ ಎಳೆದು ಮುಚ್ಚು. ಹದ ಬರುವ ಮೊದಲು ಮುಚ್ಚಬೇಡ."

ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎನ್ನುತ್ತಿದ್ದಳು ನಮ್ಮಜ್ಜಿ. ಮಾವಿನಕಾಯಿ ಹೇಗಿರುತ್ತದೋ ನಾನು ಕಂಡಿಲ್ಲ. ಅಡುಗೆಯನ್ನೇ ಮಾಡದವರ ಬಾಯಲ್ಲಿ ಹದ ಎಂಬ ಪದ ಎಲ್ಲಿ ಉಳಿಯಬೇಕು? ತಪಾಸಣೆಗೆ ಬರುವ ಯಾರೋ ಸಾಹೇಬರ ಹೆಸರು ಅದು ಎಂದುಕೊಂಡಿದ್ದೆವು. ಅವರಿಗೆಂದು ಮೇಜಿನ ತುದಿಯಲ್ಲಿ ಒಂದು ಸ್ಟೂಲು, ದಿನಾ ಒಂದು ಲೋಟ ನೀರು. ತಲೆತಲಾಂತರದಿಂದ ಆ ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ. ನಗು ಬಂದರೆ ನಕ್ಕುಬಿಡಿ.

ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ತಂಗಿ ಪಿಳ್ಳಮ್ಮನಿಗೆ ಒಣಜ್ವರ ಬಂತು. ಅವಳನ್ನು ಮೇಜಿನ ಬಳಿಯೇ ಮಲಗಿಸಿಕೊಂಡು ಶೀಷೆಗಳನ್ನು ಉರಿಗೆ ಹಿಡಿದೆವು, ಸಾಹೇಬರಿಗಾಗಿ ಕಾದೆವು. ಗಾಜು ಕರಗಿ ಜೋತುಬಿತ್ತು, ಮದ್ದು ಕುದಿದು ಚೆಲ್ಲಿತು. ಮರುದಿನವೂ ಅದೇ ಗತಿ. ಹಿರಿಯರ ಮಾತು ಮೀರಬಾರದೆಂದು ಮೇಸ್ತ್ರಿ ಮುನಿಶಾಮಪ್ಪ ಹಟ ಹಿಡಿದು ಕೂತ. ಪಿಳ್ಳಮ್ಮ ನನ್ನ ಸೆರಗು ಎಳೆದಳು.

"ಆವಯ್ಯ ಬರಾಕಿಲ್ಲ ಕಣಕ್ಕ. ನೀನೇ ಮುಚ್ಚು."

ಸಿಟ್ಟಿನಿಂದ ಕೊನೆಯ ಶೀಷೆ ಎತ್ತಿಕೊಂಡೆ. ಬಾಗಿಲ ಕಡೆ ನೋಡದೆ ಗಾಜನ್ನೇ ನೋಡಿದೆ. ಉರಿ ಹಳದಿಯಾಯಿತು, ಬೆರಳಿಗೆ ಗಾಜಿನ ಬಿಗಿ ಸಡಿಲವಾದದ್ದು ತಿಳಿಯಿತು, ಎಳೆದೆ. ತಲೆಕೆಳಗು ಮಾಡಿದರೂ ಹನಿ ಸೋರಲಿಲ್ಲ. ಹದ ಎಂದರೆ ಏನೆಂದು ಆಗ ಗೊತ್ತಾಯಿತು. ಅದು ಪ್ರತಿ ಶೀಷೆಗೂ ಬಂದು ಹೋಗಿತ್ತು, ನಾವು ಬಾಗಿಲು ಕಾಯುತ್ತಿದ್ದೆವು.

ಆ ಮದ್ದು ಮಾಗುವವರೆಗೆ ಪಿಳ್ಳಮ್ಮ ಉಳಿಯಲಿಲ್ಲ. ಅದು ಮುನಿಶಾಮಪ್ಪನ ಮೊಮ್ಮಗಳನ್ನು ಉಳಿಸಿತು. ಸಂತೋಷಪಡಬೇಕೆಂದು ಗೊತ್ತು, ಆಗುತ್ತಿಲ್ಲ.

ನನ್ನದು ಒಂದೇ ಬೇಡಿಕೆ. ಹದ ನೋಡಿಕೋ ಎಂದಷ್ಟೇ ಹೇಳಿ ಎದ್ದುಹೋಗಬೇಡಿ. ಕಲಿಯುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕೈ ಹಿಡಿದು ತೋರಿಸಿ.

ಆ ಸ್ಟೂಲಿನ ಮೇಲೆ ಈಗ ಕಲಿಯುವವರು ಕೂರುತ್ತಾರೆ. ಲೋಟಕ್ಕೆ ನೀರು ತುಂಬಿಸಿಡುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಅದು ಪಿಳ್ಳಮ್ಮನಿಗೆ. ಕೊನೆಗೆ ಅವಳು ಕೇಳಿದ್ದು ನೀರನ್ನೇ.